ಆಫ್ ಮಾಡಿಟ್ಟ ವಾಷಿಂಗ್ ಮೆಷಿನ್ ಇಎಲ್‌ಸಿಬಿಯನ್ನು ಬೀಳಿಸುತ್ತಿದೆ: ದೋಷ ಎಲ್ಲಿರಬಹುದು?

ನೆನೆದ ಬಟ್ಟೆ:
ನಮಸ್ಕಾರ. ಎರಡು ತಿಂಗಳಿಂದ ಒಂದು ತೊಂದರೆ ನನ್ನ ತಲೆ ತಿನ್ನುತ್ತಿದೆ. ನಮ್ಮದು ಒಂಬತ್ತು ವರ್ಷ ಹಳೆಯ, ಮುಂಬಾಗಿಲಿನ ವಾಷಿಂಗ್ ಮೆಷಿನ್. ಅದನ್ನು ಹಾಕಿದಾಗ, ಮನೆಗೆಲ್ಲ ಕರೆಂಟ್ ಹಂಚುವ ಡಿಬಿ ಬಾಕ್ಸಿನಲ್ಲಿರುವ, ಕರೆಂಟ್ ಸೋರಿದರೆ ತಾನಾಗಿಯೇ ಆಫ್ ಆಗುವ ಸಾಧನವಾದ ಇಎಲ್‌ಸಿಬಿ ಬಿದ್ದು ಇಡೀ ಮನೆ ಕತ್ತಲಾಗುತ್ತದೆ. ಹೊರೆ ಮೀರಿದರೆ ಆಫ್ ಆಗುವ ಎಂಸಿಬಿ ಬೀಳುವುದಿಲ್ಲ, ಬೀಳುವುದು ಇಎಲ್‌ಸಿಬಿ ಮಾತ್ರ. ಒಮ್ಮೆ ನೀರು ತುಂಬುವಾಗ ಬೀಳುತ್ತದೆ, ಇನ್ನೊಮ್ಮೆ ಬಟ್ಟೆ ಹಿಂಡುವಾಗ ಬೀಳುತ್ತದೆ, ಮತ್ತೊಮ್ಮೆ ಕೊನೆಯವರೆಗೂ ಏನೂ ಆಗುವುದಿಲ್ಲ. ಬೆಳಗಿನ ಹೊತ್ತು ಬೀಳುವುದು ಹೆಚ್ಚು. ರಾತ್ರಿ ಹನ್ನೊಂದರ ನಂತರ ಹಾಕಿದರೆ ಇದುವರೆಗೆ ಒಮ್ಮೆಯೂ ಬಿದ್ದಿಲ್ಲ.

ಕಳೆದ ವಾರ ನಡೆದದ್ದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಮೆಷಿನ್ ಆಫ್ ಆಗಿತ್ತು, ಗೋಡೆಯ ಸ್ವಿಚ್ಚೂ ಆಫ್ ಆಗಿತ್ತು, ಪ್ಲಗ್ ಮಾತ್ರ ಸಾಕೆಟ್ಟಿನಲ್ಲಿತ್ತು. ಮಗ ಸ್ನಾನಕ್ಕೆಂದು ಗೀಸರ್ ಹಾಕಿದ ಕೂಡಲೇ ಇಎಲ್‌ಸಿಬಿ ಬಿತ್ತು. ಮೆಷಿನ್ನಿನ ಪ್ಲಗ್ ಕಿತ್ತಿಟ್ಟರೆ ಅದೇ ಗೀಸರ್ ಎಷ್ಟು ಹೊತ್ತು ಬೇಕಾದರೂ ನಡೆಯುತ್ತದೆ.

ಎಲೆಕ್ಟ್ರಿಷಿಯನ್ ಬಂದು ಎಂಸಿಬಿಗಳನ್ನು ಒಂದೊಂದಾಗಿ ಇಳಿಸಿ ನೋಡಿದರು. ಮೆಷಿನ್ನಿನ ಎಂಸಿಬಿಯನ್ನು ಇಳಿಸಿದ ಮೇಲೂ ಗೀಸರ್ ಹಾಕಿದಾಗ ಟ್ರಿಪ್ ಆಯಿತು. ಹಾಗಾದರೆ ಇಎಲ್‌ಸಿಬಿಯೇ ದುರ್ಬಲವಾಗಿದೆ ಎಂದು ಅದನ್ನು ಬದಲಿಸಿದರು. ಎರಡನೆಯ ದಿನ ಹೊಸದೂ ಬಿತ್ತು. ಆಮೇಲೆ ಮಲ್ಟಿಮೀಟರಿನ ಕಡ್ಡಿಗಳನ್ನು ಪ್ಲಗ್ಗಿನ ಫೇಸ್ ಪಿನ್ ಮತ್ತು ಅರ್ಥಿಂಗ್ ಪಿನ್‌ಗೆ ಹಿಡಿದು ನೋಡಿ, ಸೋರಿಕೆ ಏನೂ ಇಲ್ಲ, ಮೆಷಿನ್ ಸರಿಯಾಗಿದೆ ಎಂದರು. ಈಗ ಅವರು ಸೂಚಿಸುತ್ತಿರುವ ಪರಿಹಾರವೆಂದರೆ ಪ್ಲಗ್ಗಿನೊಳಗಿನ ಅರ್ಥಿಂಗ್ ವೈರನ್ನು ಕತ್ತರಿಸಿಬಿಡುವುದು. ಹಾಗೆ ಮಾಡಿಸುವ ಮೊದಲು ತಿಳಿದವರನ್ನು ಕೇಳೋಣ ಎಂದು ಬರೆಯುತ್ತಿದ್ದೇನೆ. ನಾವು ಒಂದು ವರ್ಷದಿಂದ ತಣ್ಣೀರಿನಲ್ಲಿಯೇ ಒಗೆಯುತ್ತಿರುವುದರಿಂದ ಹೀಟರಿನ ಮಾತು ಬರುವುದಿಲ್ಲ ಎಂದುಕೊಂಡಿದ್ದೇನೆ.

ಫ್ಯೂಸ್ ಕಾಲದವನು:
ಈಗಿನ ಇಎಲ್‌ಸಿಬಿಗಳಿಗೆ ಸಹನೆಯೇ ಇಲ್ಲ. ನಮ್ಮ ಕಾಲದಲ್ಲಿ ಫ್ಯೂಸ್ ವೈರ್ ಒಂದೇ ಇತ್ತು, ನಾವೆಲ್ಲ ಬದುಕಿಯೇ ಇದ್ದೇವೆ. 30 ಮಿಲಿಆಂಪಿಯರಿನದನ್ನು ತೆಗೆದು 100 ಮಿಲಿಆಂಪಿಯರಿನದನ್ನು ಹಾಕಿಸಿರಿ, ತೊಂದರೆ ಅಲ್ಲಿಗೆ ಮುಗಿಯುತ್ತದೆ.

ತಾಮ್ರದ ತಂತಿ:
ದಯವಿಟ್ಟು ಈ ಎರಡು ಸಲಹೆಗಳಲ್ಲಿ ಯಾವುದನ್ನೂ ಪಾಲಿಸಬೇಡಿ, ಮೇಡಂ. 100 ಮತ್ತು 300 ಮಿಲಿಆಂಪಿಯರಿನ ಸಾಧನಗಳಿರುವುದು ಸೋರಿಕೆಯಿಂದ ಬೆಂಕಿ ಹತ್ತದಂತೆ ನೋಡಿಕೊಳ್ಳುವುದಕ್ಕೆ. ಮನುಷ್ಯನ ಜೀವ ಉಳಿಸುವುದಕ್ಕೆ ಇರುವುದು 30 ಮಿಲಿಆಂಪಿಯರಿನದು. ಹತ್ತು ಹದಿನೈದು ಮಿಲಿಆಂಪಿಯರ್ ಹರಿದರೇ ಕೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದ ವಸ್ತುವನ್ನು ಬಿಡಲಾಗದ ಸ್ಥಿತಿ ಬರಬಹುದು. ಅದಕ್ಕಿಂತ ಹೆಚ್ಚಿನ ಪ್ರವಾಹ ಎದೆಯ ಮೂಲಕ ಸ್ವಲ್ಪ ಹೊತ್ತು ಹರಿದರೂ ಹೃದಯದ ಬಡಿತ ಲಯ ತಪ್ಪುವ ಅಪಾಯವಿದೆ.

ಅರ್ಥಿಂಗ್ ಕತ್ತರಿಸಿದರೆ ಟ್ರಿಪ್ ಆಗುವುದು ನಿಲ್ಲುತ್ತದೆ ಎಂಬುದು ನಿಜವೇ. ಸೋರುವ ಕರೆಂಟಿಗೆ ನೆಲಕ್ಕೆ ಹೋಗುವ ದಾರಿ ಇಲ್ಲವಾಗುತ್ತದೆ, ಆದ್ದರಿಂದ ಇಎಲ್‌ಸಿಬಿಗೆ ಏನೂ ಕಾಣುವುದಿಲ್ಲ. ಆದರೆ ಸೋರಿಕೆ ಇದ್ದಲ್ಲಿಯೇ ಇರುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬಟ್ಟೆ ತೆಗೆಯುವವರೇ ಆ ಕತ್ತರಿಸಿದ ವೈರಿನ ಜಾಗವನ್ನು ತುಂಬಬೇಕಾಗುತ್ತದೆ.

ಅನುಮಾನದ ಹಕ್ಕಿ:
ಗೋಡೆಯ ಸ್ವಿಚ್ ಆಫ್ ಆಗಿದ್ದರೆ ಮೆಷಿನ್ನಿಗೆ ಕರೆಂಟೇ ಇಲ್ಲ. ಕರೆಂಟ್ ಇಲ್ಲದ ವಸ್ತು ಸೋರುವುದು ಹೇಗೆ? ಗೀಸರ್ ಹಾಕಿದಾಗ ಬಿದ್ದಿತು ಎಂದ ಮೇಲೆ ಕೆಟ್ಟಿರುವುದು ಗೀಸರ್. ಮೆಷಿನ್ನಿನ ಪ್ಲಗ್ ಕಿತ್ತಾಗ ಬೀಳಲಿಲ್ಲ ಎಂಬುದು ಕಾಕತಾಳೀಯವಾಗಿರಬೇಕು.

ನೆನೆದ ಬಟ್ಟೆ:
ಕಾಕತಾಳೀಯವೇ ಇರಬಹುದೆಂದು ನಾನೂ ಭಾವಿಸಿದ್ದೆ. ಆದ್ದರಿಂದ ನಿನ್ನೆ ಕುಳಿತು ಎಂಟು ಸಲ ಪರೀಕ್ಷಿಸಿದೆ. ಪ್ಲಗ್ ಕಿತ್ತಿದ್ದಾಗ ನಾಲ್ಕು ಸಲವೂ ಗೀಸರ್ ಸುಮ್ಮನೆ ನಡೆಯಿತು. ಪ್ಲಗ್ ಹಾಕಿ, ಗೋಡೆಯ ಸ್ವಿಚ್ ಆಫ್ ಇಟ್ಟಿದ್ದಾಗ ನಾಲ್ಕರಲ್ಲಿ ನಾಲ್ಕು ಸಲವೂ ಬಿತ್ತು. ಇಸ್ತ್ರಿಪೆಟ್ಟಿಗೆ ಹಾಕಿದಾಗಲೂ ಒಮ್ಮೆ ಬಿತ್ತು. ಮೊಬೈಲ್ ಚಾರ್ಜರ್, ದೀಪ, ಫ್ಯಾನ್ ಹಾಕಿದಾಗ ಬೀಳಲಿಲ್ಲ.

ಎರಡನೆಯ ಶಿಫ್ಟ್:
ವಾಷಿಂಗ್ ಮೆಷಿನ್ ಕೆಲಸದಲ್ಲಿ ನನ್ನ ಅನುಭವ ಹೇಳುತ್ತೇನೆ. ಯಾವ ಹಂತದಲ್ಲಿ ಬೀಳುತ್ತದೆ ಎಂಬುದನ್ನು ನೋಡಿದರೆ ಅರ್ಧ ದಾರಿ ಸವೆದಂತೆ. ನೀರು ತುಂಬುವಾಗ ಬಿದ್ದರೆ ನೀರು ಬಿಡುವ ವಾಲ್ವಿನ ಕಾಯಿಲ್, ಹತ್ತಿಪ್ಪತ್ತು ನಿಮಿಷದ ನಂತರ ಬಿದ್ದರೆ ಹೀಟರ್, ನೀರು ಹೊರಹಾಕುವಾಗ ಬಿದ್ದರೆ ಡ್ರೈನ್ ಪಂಪ್, ಹಿಂಡುವಾಗ ಬಿದ್ದರೆ ಮೋಟಾರ್ ಎಂದು ಮೊದಲು ಅನುಮಾನಿಸುತ್ತೇವೆ. ಒಮ್ಮೆ ಹಿಂಡುವ ಹೊತ್ತಿಗೆ ಮಾತ್ರ ಟ್ರಿಪ್ ಆಗುತ್ತಿದ್ದ ಮೆಷಿನ್ನಿನ ಮೋಟಾರನ್ನು ಬಿಚ್ಚಿದಾಗ, ಸವೆದ ಕಾರ್ಬನ್ ಬ್ರಷ್ಷಿನ ಕರಿ ಹಿಟ್ಟು ಬ್ರಷ್ ಹಿಡಿಕೆಯಿಂದ ಮೋಟಾರಿನ ಮೈಯವರೆಗೆ ಮಸಿಯಂತೆ ಹರಡಿಕೊಂಡಿತ್ತು. ಕಾರ್ಬನ್ ಕರೆಂಟನ್ನು ಸಾಗಿಸುತ್ತದೆಯಾದ್ದರಿಂದ ಆ ಹಿಟ್ಟೇ ಒಂದು ವೈರಿನಂತೆ ಕೆಲಸ ಮಾಡುತ್ತಿತ್ತು. ಒಣ ಕುಂಚದಿಂದ ಉಜ್ಜಿ ತೆಗೆದು ಹೊಸ ಬ್ರಷ್ ಹಾಕಿದ ಮೇಲೆ ಸರಿಹೋಯಿತು. ಆದರೆ ಇವರ ಮನೆಯಲ್ಲಿ ಹಂತಕ್ಕೂ ಬೀಳುವುದಕ್ಕೂ ಸಂಬಂಧವೇ ಕಾಣುವುದಿಲ್ಲ, ನನಗೂ ಗೊಂದಲವಾಗಿದೆ.

ತಂಪು ಪೆಟ್ಟಿಗೆ:
ನಮ್ಮ ಮನೆಯ ಫ್ರಿಜ್ ಹೀಗೆಯೇ ಕಾಡಿತ್ತು. ದಿನಕ್ಕೆ ಎರಡು ಮೂರು ಸಲ, ಯಾರೂ ಏನೂ ಮುಟ್ಟದಿರುವಾಗ ಬೀಳುತ್ತಿತ್ತು. ಬೀಳುವ ಸಮಯವನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡುತ್ತ ಹೋದಾಗ ಒಂದು ಬೀಳುವಿಕೆಗೂ ಮುಂದಿನದಕ್ಕೂ ನಡುವಿನ ಅಂತರ ಹೆಚ್ಚುಕಡಿಮೆ ಒಂದೇ ಎಂದು ತಿಳಿಯಿತು. ಫ್ರೀಜರಿನ ಹಿಂದೆ ಹಿಮ ಕರಗಿಸುವ ಹೀಟರ್ ಇರುತ್ತದಂತೆ, ಅದು ಟೈಮರಿನ ಲೆಕ್ಕದಲ್ಲಿ ಹೊತ್ತಿಕೊಳ್ಳುವಾಗಲೇ ಬೀಳುತ್ತಿತ್ತು. ಆದ್ದರಿಂದ ಗಡಿಯಾರ ನೋಡಿ ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ.

ಹಳೆಯ ಮೆಗ್ಗರ್:
ಮೇಡಂ, ನೀವು ಮಾಡಿದ ಎಂಟು ಸಲದ ಪರೀಕ್ಷೆ ಬಹಳ ಬೆಲೆಯುಳ್ಳದ್ದು. ಉತ್ತರ ಅದರಲ್ಲಿಯೇ ಇದೆ. ಕೆಟ್ಟಿರುವುದು ಗೀಸರ್ ಅಲ್ಲ, ಇಎಲ್‌ಸಿಬಿಯೂ ಅಲ್ಲ. ನಿಮ್ಮ ಮೆಷಿನ್ನಿನೊಳಗೆ ಎಲ್ಲಿಯೋ ನ್ಯೂಟ್ರಲ್ ಮತ್ತು ಅರ್ಥಿಂಗ್ ಒಂದನ್ನೊಂದು ಮುಟ್ಟಿಕೊಂಡಿವೆ.

ಮೊದಲು ಈ ಸಾಧನ ಏನು ನೋಡುತ್ತದೆ ಎಂಬುದನ್ನು ತಿಳಿದುಕೊಳ್ಳೋಣ. ನಾವು ಬಾಯಿಮಾತಿನಲ್ಲಿ ಇಎಲ್‌ಸಿಬಿ ಎನ್ನುವುದು ಈಗ ವಾಸ್ತವವಾಗಿ ಆರ್‌ಸಿಸಿಬಿ. ಅದರೊಳಗೆ ಬಳೆಯಂತಹ ಒಂದು ಕಬ್ಬಿಣದ ಉಂಗುರವಿದ್ದು, ಫೇಸ್ ಮತ್ತು ನ್ಯೂಟ್ರಲ್ ಎರಡೂ ಅದರ ಮೂಲಕ ಹಾದುಹೋಗುತ್ತವೆ. ಫೇಸಿನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲಿನಲ್ಲಿ ಮರಳಿದರೆ ಎರಡರ ಕಾಂತಪ್ರಭಾವವೂ ಪರಸ್ಪರ ವಜಾ ಆಗುತ್ತದೆ. ಹೋದದ್ದಕ್ಕೂ ಬಂದದ್ದಕ್ಕೂ ವ್ಯತ್ಯಾಸ ಕಂಡರೆ ಸಾಧನ ಬೀಳುತ್ತದೆ. 30 ಮಿಲಿಆಂಪಿಯರಿನ ಸಾಧನ 15ರವರೆಗೆ ಬೀಳಬಾರದು, 30ಕ್ಕೆ ಬೀಳಲೇಬೇಕು, ಈ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಅದು ಲೆಕ್ಕವನ್ನಷ್ಟೇ ನೋಡುತ್ತದೆ, ಕಳೆದುಹೋದ ಕರೆಂಟ್ ಫೇಸಿನಿಂದ ಸೋರಿತೇ ನ್ಯೂಟ್ರಲಿನಿಂದ ಸೋರಿತೇ ಎಂದು ಕೇಳುವುದಿಲ್ಲ.

ಈಗ ನಿಮ್ಮ ಗೋಡೆಯ ಸ್ವಿಚ್ಚಿಗೆ ಬರೋಣ. ಸಾಮಾನ್ಯವಾದ ಒಂಟಿ ಸ್ವಿಚ್ ಫೇಸನ್ನು ಮಾತ್ರ ಕತ್ತರಿಸುತ್ತದೆ. ಒಂಟಿ ಎಂಸಿಬಿಯೂ ಫೇಸನ್ನು ಮಾತ್ರ ಕತ್ತರಿಸುತ್ತದೆ. ಪ್ಲಗ್ ಸಾಕೆಟ್ಟಿನಲ್ಲಿರುವವರೆಗೆ ಮೆಷಿನ್ನಿನ ನ್ಯೂಟ್ರಲ್ ಇಡೀ ಮನೆಯ ನ್ಯೂಟ್ರಲಿಗೆ ಅಂಟಿಕೊಂಡೇ ಇರುತ್ತದೆ. ಗೀಸರಿನ ಕರೆಂಟ್ ನ್ಯೂಟ್ರಲಿನಲ್ಲಿ ಮರಳುವಾಗ ಅದರ ಒಂದು ಪಾಲು ಅಡ್ಡದಾರಿ ಹಿಡಿದು, ನಿಮ್ಮ ಮೆಷಿನ್ನಿನೊಳಗಿನ ದೋಷದ ಮೂಲಕ ಅರ್ಥಿಂಗಿಗೆ ಇಳಿದುಹೋಗುತ್ತದೆ. ಆ ಪಾಲು ಉಂಗುರದ ಮೂಲಕ ಮರಳುವುದಿಲ್ಲ, ಲೆಕ್ಕ ತಪ್ಪುತ್ತದೆ, ಇಎಲ್‌ಸಿಬಿ ಬೀಳುತ್ತದೆ. ಎಂಸಿಬಿಗಳನ್ನು ಒಂದೊಂದಾಗಿ ಇಳಿಸಿ ನೋಡುವ ವಿಧಾನ ಇಂತಹ ದೋಷದ ಮುಂದೆ ಸೋಲುವುದು ಇದೇ ಕಾರಣಕ್ಕೆ. ನಿಮ್ಮ ಎಲೆಕ್ಟ್ರಿಷಿಯನ್ ಎಡವಿದ್ದೂ ಅಲ್ಲಿಯೇ. ಪ್ಲಗ್ಗುಗಳನ್ನೇ ಒಂದೊಂದಾಗಿ ಕಿತ್ತು ನೋಡಬೇಕಾಗಿತ್ತು.

ಒಂದು ಕೆಲಸ ಮಾಡಿ. ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ. ಆಮೇಲೆ ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಪ್ಲಗ್ಗಿನ ನ್ಯೂಟ್ರಲ್ ಪಿನ್ ಮತ್ತು ಅರ್ಥಿಂಗ್ ಪಿನ್ ನಡುವೆ ಅಳೆಯಿರಿ. ನಿಮ್ಮ ಎಲೆಕ್ಟ್ರಿಷಿಯನ್ ಫೇಸ್ ಪಿನ್ನನ್ನು ಮಾತ್ರ ನೋಡಿದ್ದಾರೆ.

ಅನುಮಾನದ ಹಕ್ಕಿ:
ನ್ಯೂಟ್ರಲಿನಲ್ಲಿ ವೋಲ್ಟೇಜೇ ಇರುವುದಿಲ್ಲ ಎಂದು ಎಲ್ಲರೂ ಓದಿದ್ದೇವೆ. ಟೆಸ್ಟರ್ ಇಟ್ಟರೆ ದೀಪ ಹೊತ್ತುವುದಿಲ್ಲ. ವೋಲ್ಟೇಜ್ ಇಲ್ಲದ ಕಡೆಯಿಂದ ಕರೆಂಟ್ ಅರ್ಥಿಂಗಿಗೆ ಏಕೆ ಹರಿಯಬೇಕು? ತಮ್ಮ ವಿವರಣೆ ಕೇಳಲು ಚೆನ್ನಾಗಿದೆ, ನಂಬುವುದು ಕಷ್ಟ.

ಹಳೆಯ ಮೆಗ್ಗರ್:
ಪ್ರಶ್ನೆ ನ್ಯಾಯವಾದದ್ದು. ಟೆಸ್ಟರಿನ ನಿಯಾನ್ ದೀಪ ಹೊತ್ತಲು ಹಲವು ಹತ್ತು ವೋಲ್ಟ್ ಬೇಕು, ಒಂದೆರಡು ವೋಲ್ಟಿಗೆ ಅದು ಕಣ್ಣು ಬಿಡುವುದಿಲ್ಲ. ನ್ಯೂಟ್ರಲ್ ವೈರಿಗೂ ಸ್ವಲ್ಪ ರೋಧವಿದೆ. ಮನೆಯಿಂದ ನ್ಯೂಟ್ರಲ್ ಭೂಮಿಗೆ ಸೇರುವ ಜಾಗದವರೆಗೆ ಅದು 0.2 ಓಮ್ ಎಂದುಕೊಳ್ಳಿ. 2,300 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತದೆ. 10ನ್ನು 0.2ರಿಂದ ಗುಣಿಸಿದರೆ 2 ವೋಲ್ಟ್. ಅಂದರೆ ಗೀಸರ್ ನಡೆಯುತ್ತಿರುವಾಗ ನಿಮ್ಮ ಮನೆಯ ನ್ಯೂಟ್ರಲ್ ಭೂಮಿಗಿಂತ 2 ವೋಲ್ಟ್ ಮೇಲಿರುತ್ತದೆ. ಮೆಷಿನ್ನಿನ ದೋಷದ ರೋಧ 50 ಓಮ್ ಇದ್ದರೂ 40 ಮಿಲಿಆಂಪಿಯರ್ ಸೋರುತ್ತದೆ, ಇಎಲ್‌ಸಿಬಿ ಬೀಳಲು ಅಷ್ಟು ಸಾಕು. ರಾತ್ರಿ ಮನೆಯ ಹೊರೆ ಇಳಿದಾಗ ನ್ಯೂಟ್ರಲ್ ಅರ್ಧ ವೋಲ್ಟಿಗೂ ಏರುವುದಿಲ್ಲ, 10 ಮಿಲಿಆಂಪಿಯರ್ ಸೋರಬಹುದು, ಅದಕ್ಕೆ ಬೀಳುವುದಿಲ್ಲ. ಬೆಳಿಗ್ಗೆ ಬೀಳುತ್ತದೆ, ರಾತ್ರಿ ಬೀಳುವುದಿಲ್ಲ ಎಂಬ ಒಗಟಿಗೆ ನನಗೆ ತೋಚುವ ಉತ್ತರ ಇಷ್ಟೇ.

ಅಲೆಯ ಚಿಹ್ನೆ:
ನನ್ನದೊಂದು ಬೇರೆ ಅಭಿಪ್ರಾಯವಿದೆ. ಇಂದಿನ ಮೆಷಿನ್ನುಗಳಲ್ಲಿ ವಿದ್ಯುತ್ ಗದ್ದಲವನ್ನು ತಡೆಯುವ ಫಿಲ್ಟರ್ ಇರುತ್ತದೆ. ಅದರ ಕೆಪಾಸಿಟರುಗಳು ಹುಟ್ಟಿದಂದಿನಿಂದಲೇ ಸ್ವಲ್ಪ ಕರೆಂಟನ್ನು ಅರ್ಥಿಂಗಿಗೆ ಬಿಡುತ್ತವೆ. ಕಂಪ್ಯೂಟರ್, ಟಿವಿ, ಮೈಕ್ರೋವೇವ್ ಎಲ್ಲವುಗಳ ಸೋರಿಕೆಯೂ ಕೂಡಿಕೊಂಡು 15ನ್ನು ದಾಟಿದರೆ ಕಾರಣವಿಲ್ಲದೆ ಬೀಳುವುದು ಸಹಜ. ಮನೆಗೆಲ್ಲ ಒಂದೇ ಇಎಲ್‌ಸಿಬಿ ಹಾಕುವುದೇ ತಪ್ಪು, ಒಂದೊಂದು ಲೈನಿಗೂ ಇಎಲ್‌ಸಿಬಿ, ಎಂಸಿಬಿ ಎರಡರ ಕೆಲಸವನ್ನೂ ಮಾಡುವ ಪ್ರತ್ಯೇಕ ಆರ್‌ಸಿಬಿಒ ಇರಬೇಕು. ಇನ್ನೊಂದು ಮಾತು, ಇನ್ವರ್ಟರ್ ಮೋಟಾರಿನ ಮೆಷಿನ್ನಿಗೆ ಎಸಿ ಮಾದರಿಯ ಸಾಧನ ಸಾಲದು. ಕನಿಷ್ಠ ಎ ಮಾದರಿಯದು ಬೇಕು. ಸಾಧನದ ಮೇಲೆ ಒಂದೇ ಅಲೆಯ ಗುರುತಿದ್ದರೆ ಅದು ಎಸಿ, ಅಲೆಯ ಕೆಳಗೆ ಅರ್ಧ ಉಬ್ಬುಗಳ ಗುರುತೂ ಇದ್ದರೆ ಅದು ಎ.

ಹಳೆಯ ಮೆಗ್ಗರ್:
ಮಾದರಿಯ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ಎಸಿ ಮಾದರಿಯ ಸಾಧನದ ತೊಂದರೆ ಏನೆಂದರೆ, ಏಕಮುಖ ಸೋರಿಕೆ ಬಂದಾಗ ಅದು ಬೀಳಬೇಕಾದ ಹೊತ್ತಿಗೆ ಬೀಳದೆ ಉಳಿದುಬಿಡಬಹುದು. ಇಲ್ಲಿ ಅದು ಬೇಡವೆಂದರೂ ಬೀಳುತ್ತಿದೆ. ಫಿಲ್ಟರಿನ ವಿಷಯಕ್ಕೆ ಬಂದರೆ, 4.7 ನ್ಯಾನೋಫ್ಯಾರಡ್ ಕೆಪಾಸಿಟರ್ 230 ವೋಲ್ಟ್, 50 ಹರ್ಟ್ಸಿನಲ್ಲಿ ಬಿಡುವುದು ಸುಮಾರು 0.34 ಮಿಲಿಆಂಪಿಯರ್. ಅಂಥವು ಹತ್ತು ಸೇರಿದರೂ ಮೂರೂವರೆ ಮಿಲಿಆಂಪಿಯರ್ ಆಗುವುದಿಲ್ಲ. ಜೊತೆಗೆ ಗೋಡೆಯ ಸ್ವಿಚ್ ಆಫ್ ಆಗಿರುವಾಗ ಈ ಮೆಷಿನ್ನಿನ ಫಿಲ್ಟರಿಗೆ ಫೇಸೇ ಸಿಗುವುದಿಲ್ಲ.

ನೆನೆದ ಬಟ್ಟೆ:
ಅಳೆದೆ. ಫೇಸ್ ಪಿನ್ ಮತ್ತು ಅರ್ಥಿಂಗ್ ನಡುವೆ ಮೀಟರ್ ದೊಡ್ಡ ಸಂಖ್ಯೆಯನ್ನು ತೋರಿಸಿ ಅಲುಗಾಡುತ್ತದೆ, ಮೆಗಾಓಮ್ ಎಂದು ಕಾಣುತ್ತದೆ. ನ್ಯೂಟ್ರಲ್ ಪಿನ್ ಮತ್ತು ಅರ್ಥಿಂಗ್ ನಡುವೆ 38 ಓಮ್ ತೋರಿಸಿ ಹಾಗೆಯೇ ನಿಂತಿದೆ. ಮೂರು ಸಲ ನೋಡಿದೆ, ಕಡ್ಡಿಗಳನ್ನು ಅದಲುಬದಲು ಮಾಡಿಯೂ ನೋಡಿದೆ. ಕೈ ಸ್ವಲ್ಪ ನಡುಗಿತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಅನುಮಾನದ ಹಕ್ಕಿ:
2 ವೋಲ್ಟನ್ನು 38ರಿಂದ ಭಾಗಿಸಿದರೆ ಸುಮಾರು 53 ಮಿಲಿಆಂಪಿಯರ್. ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಗೀಸರಿನ ಕ್ಷಮೆಯನ್ನೂ ಕೇಳುತ್ತೇನೆ.

ಎರಡನೆಯ ಶಿಫ್ಟ್:
38 ಓಮ್ ಎಂದರೆ ನನಗೆ ಹೀಟರ್ ವಾಸನೆ ಹೊಡೆಯುತ್ತಿದೆ. ಪಂಪಿನ ಕಾಯಿಲ್ ಆಗಲಿ ವಾಲ್ವಿನ ಕಾಯಿಲ್ ಆಗಲಿ ಕೆಟ್ಟು ಮೈಗೆ ಮುಟ್ಟಿದರೆ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚಿನ ಓಮ್ ತೋರಿಸುತ್ತದೆ.

ನೆನೆದ ಬಟ್ಟೆ:
ಹೀಟರನ್ನು ನಾವು ಬಳಸುವುದೇ ಇಲ್ಲವಲ್ಲ? ಬಟನ್ ಒತ್ತಿದರೆ ತಾನೇ ಅದಕ್ಕೆ ಕರೆಂಟ್ ಹೋಗುವುದು?

ಹಳೆಯ ಮೆಗ್ಗರ್:
ಹೀಟರಿಗೆ ಎರಡು ತುದಿಗಳಿವೆ. ರಿಲೇ, ಅಂದರೆ ಬೋರ್ಡ್ ನಡೆಸುವ ಒಳಗಿನ ಸ್ವಿಚ್, ಕತ್ತರಿಸುವುದು ಸಾಮಾನ್ಯವಾಗಿ ಒಂದು ತುದಿಯನ್ನು ಮಾತ್ರ. ಹಲವು ಮೆಷಿನ್ನುಗಳಲ್ಲಿ ಫೇಸಿನ ತುದಿ ಬಾಗಿಲಿನ ಲಾಕ್ ಮತ್ತು ರಿಲೇಯ ಮೂಲಕ ಹೋಗುತ್ತದೆ, ಇನ್ನೊಂದು ತುದಿ ನೇರವಾಗಿ ನ್ಯೂಟ್ರಲಿಗೆ ಸೇರಿರುತ್ತದೆ. ನೀವು ತಣ್ಣೀರಿನಲ್ಲಿ ಒಗೆಯುವಾಗಲೂ, ಒಗೆಯದೆ ಇರುವಾಗಲೂ, ಆ ತುದಿ ನ್ಯೂಟ್ರಲನ್ನು ಹಿಡಿದುಕೊಂಡೇ ಇರುತ್ತದೆ. ನಿಮ್ಮ ಎಲೆಕ್ಟ್ರಿಷಿಯನ್ನಿಗೆ ಫೇಸ್ ಪಿನ್ನಿನಿಂದ ಹೀಟರ್ ಕಾಣದೆ ಹೋದದ್ದಕ್ಕೆ ನಡುವೆ ತೆರೆದುಕೊಂಡಿದ್ದ ರಿಲೇ ಕಾರಣ. ಮೆಷಿನ್ನಿನ ಮುಂಭಾಗದ ಮೃದು ಬಟನ್ ಕೂಡ ಎರಡೂ ವೈರುಗಳನ್ನು ಕತ್ತರಿಸುವಂತಹದ್ದಲ್ಲ.

ಹೀಟರಿನ ರಚನೆಯನ್ನೂ ನೋಡಿ. ಲೋಹದ ಕೊಳವೆಯ ನಡುವೆ ಸುರುಳಿ ತಂತಿಯಿದ್ದು, ಸುತ್ತಲೂ ಮೆಗ್ನೀಸಿಯಂ ಆಕ್ಸೈಡ್ ಎಂಬ ಬಿಳಿಯ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಆ ಪುಡಿ ಶಾಖವನ್ನು ಹೊರಗೆ ಬಿಡುತ್ತದೆ, ಕರೆಂಟನ್ನು ತಡೆಯುತ್ತದೆ, ಆದರೆ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಕೊಳವೆ ಎಲ್ಲಿಯಾದರೂ ತುಕ್ಕು ಹಿಡಿದು ಸೀಳಿದರೆ ನೀರು ಒಳಗೆ ಹೋಗುತ್ತದೆ, ತಡೆಯುವ ಗುಣ ಹೋಗುತ್ತದೆ.

ಬೆಚ್ಚಗಿನ ಓವನ್:
ತೇವದ ವಿಷಯ ಬಂದದ್ದರಿಂದ ಹೇಳುತ್ತೇನೆ. ಹಲವು ತಿಂಗಳು ಮುಚ್ಚಿಟ್ಟಿದ್ದ ನಮ್ಮ ಓವನ್ ಹಾಕಿದ ಕೂಡಲೇ ಇಎಲ್‌ಸಿಬಿ ಬೀಳುತ್ತಿತ್ತು. ಅದನ್ನು ನೋಡಲು ಬಂದವರು ಎಲಿಮೆಂಟನ್ನು ಬಿಚ್ಚಿಕೊಂಡು ಹೋಗಿ, ಹದವಾದ ಶಾಖದಲ್ಲಿ ಕೆಲವು ಗಂಟೆ ಒಣಗಿಸಿ, ಹೆಚ್ಚಿನ ವೋಲ್ಟೇಜ್ ಕೊಟ್ಟು ಸೋರಿಕೆ ನೋಡುವ ಮೀಟರಾದ ಮೆಗ್ಗರಿನಲ್ಲಿ ಪರೀಕ್ಷಿಸಿ ಮತ್ತೆ ಜೋಡಿಸಿದರು. ಅಲ್ಲಿಂದ ಒಮ್ಮೆಯೂ ಬಿದ್ದಿಲ್ಲ. ಈ ಹೀಟರನ್ನೂ ಹಾಗೆಯೇ ಒಣಗಿಸಬಾರದೇ?

ಹಳೆಯ ಮೆಗ್ಗರ್:
ನಿಮ್ಮದರಲ್ಲಿ ಕೊಳವೆ ಗಟ್ಟಿಯಾಗಿತ್ತು, ತುದಿಯ ಮುಚ್ಚಳದಿಂದ ಗಾಳಿಯ ತೇವ ಮಾತ್ರ ಒಳಗೆ ಹೋಗಿತ್ತು. ಅದು ಒಣಗುತ್ತದೆ. ತೇವದಿಂದಾದ ಸೋರಿಕೆ ಸಾಮಾನ್ಯವಾಗಿ ಸಾವಿರಾರು ಓಮ್‌ಗಳಲ್ಲಿರುತ್ತದೆ, 38 ಓಮ್‌ಗೆ ಇಳಿದು ಅಲುಗಾಡದೆ ನಿಲ್ಲುವುದಿಲ್ಲ. ಇಲ್ಲಿ ಸುರುಳಿ ತಂತಿಯೇ ಕೊಳವೆಯನ್ನು ಮುಟ್ಟಿರುವಂತಿದೆ. ಅದನ್ನು ಒಣಗಿಸಿ ಪ್ರಯೋಜನವಿಲ್ಲ.

ಜುಮ್ಮೆನ್ನುವ ಬೆರಳು:
ನಾನು ಐದು ವರ್ಷಗಳ ಹಿಂದೆ ಅರ್ಥಿಂಗ್ ಕತ್ತರಿಸಿಕೊಂಡವನು. ಆ ಮೆಷಿನ್ನಿನ ಬಾಗಿಲಿನ ಲೋಹದ ಅಂಚನ್ನು ಒದ್ದೆ ಕೈಯಿಂದ ಮುಟ್ಟಿದಾಗಲೆಲ್ಲ ಇರುವೆ ಹರಿದಂತೆ ಜುಮ್ಮೆನ್ನುತ್ತಿತ್ತು. ಟ್ರಿಪ್ ಆಗುತ್ತಿಲ್ಲವಲ್ಲ ಎಂದು ಸುಮ್ಮನಿದ್ದೆ. ನನ್ನ ತಾಯಿಗೆ ಒಂದು ದಿನ ಕೈ ಹಿಂದಕ್ಕೆ ಎಸೆದಂತೆ ಶಾಕ್ ಹೊಡೆಯಿತು. ಅಂದೇ ವೈರನ್ನು ಮತ್ತೆ ಜೋಡಿಸಿದೆ. ಆ ಜುಮ್ಮೆನ್ನುವುದಕ್ಕೆ ಕಾರಣವೇನೆಂದು ಇಂದಿಗೂ ತಿಳಿದಿಲ್ಲ.

ತಾಮ್ರದ ತಂತಿ:
ಕಾರಣ ಮೇಲೆ ಬಂದ ಫಿಲ್ಟರೇ. ಒಂದು ಕೆಪಾಸಿಟರ್ ಫೇಸಿನಿಂದ ಮೈಗೆ, ಇನ್ನೊಂದು ನ್ಯೂಟ್ರಲಿನಿಂದ ಮೈಗೆ ಜೋಡಿಸಿರುತ್ತದೆ. ಅರ್ಥಿಂಗ್ ಇದ್ದರೆ ಆ ಸಣ್ಣ ಕರೆಂಟ್ ಸದ್ದಿಲ್ಲದೆ ಇಳಿದುಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಮೆಷಿನ್ನಿನ ಮೈ ಫೇಸಿಗೂ ನ್ಯೂಟ್ರಲಿಗೂ ನಡುವೆ, ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಕೆಪಾಸಿಟರಿನ ಮೂಲಕ ಬರುವ ಕರೆಂಟ್ ಸಣ್ಣದಾದ್ದರಿಂದ ಜುಮ್ಮೆನ್ನುತ್ತದೆ ಅಷ್ಟೇ. ನಿಮ್ಮ ತಾಯಿಯವರಿಗೆ ಹೊಡೆದದ್ದು ಮಾತ್ರ ಫಿಲ್ಟರಿನ ಕರೆಂಟ್ ಆಗಿರಲಾರದು, ನಿಜವಾದ ಸೋರಿಕೆಯಾಗಿರಬೇಕು. ಮೊದಲು ಟ್ರಿಪ್ ಆಗುತ್ತಿದ್ದುದು ಅದಕ್ಕೇ.

ಫ್ಯೂಸ್ ಕಾಲದವನು:
ಎಲ್ಲವೂ ಸರಿ. ಆದರೂ 100 ಮಿಲಿಆಂಪಿಯರಿನದನ್ನು ಹಾಕಿದ್ದರೆ 53ಕ್ಕೆ ಬೀಳುತ್ತಿರಲಿಲ್ಲ, ಎರಡು ತಿಂಗಳ ಗೋಳು ತಪ್ಪುತ್ತಿತ್ತು. ನ್ಯೂಟ್ರಲ್ ಸೋರಿಕೆಯಿಂದ ಯಾರೂ ಸಾಯುವುದಿಲ್ಲ ಎಂದು ನೀವೇ ಲೆಕ್ಕ ಹಾಕಿ ತೋರಿಸಿದಂತಾಯಿತು.

ತಾಮ್ರದ ತಂತಿ:
ಈ ಮೆಷಿನ್ನಿನ ಮಟ್ಟಿಗೆ, ಹೀಟರ್ ಹಾಕದಿರುವವರೆಗೆ ಮಾತ್ರ ನಿಮ್ಮ ಮಾತು ನಡೆಯುತ್ತದೆ. ಆದರೆ ಆ ಸಾಧನ ಕಾಯುವುದು ಈ ಮೆಷಿನ್ ಒಂದನ್ನೇ ಅಲ್ಲವಲ್ಲ. ನಾಳೆ ಇಸ್ತ್ರಿಪೆಟ್ಟಿಗೆಯ ವೈರ್ ಹರಿದು ಅದನ್ನು ಮಗು ಮುಟ್ಟಿದರೆ, ಆಗ ಮಗುವಿನ ಮೂಲಕ 100 ಮಿಲಿಆಂಪಿಯರ್ ಹರಿಯುವವರೆಗೆ ಕಾಯಬೇಕೇ? ಯಾರೋ ತಿಳಿಯದೆ ಬಿಸಿನೀರಿನ ಬಟನ್ ಒತ್ತಿದರೆ ಏನಾಗುತ್ತದೆ ಎಂಬುದನ್ನೂ ಯೋಚಿಸಿ.

ಫ್ಯೂಸ್ ಕಾಲದವನು:
ಮಗುವಿನ ಮಾತು ತೆಗೆದರೆ ನಾನು ವಾದಿಸುವುದಿಲ್ಲ.

ನೆನೆದ ಬಟ್ಟೆ:
ಇಂದು ಬೇರೊಬ್ಬ ಮೆಕ್ಯಾನಿಕ್ ಬಂದಿದ್ದರು. ನಿಮ್ಮೆಲ್ಲರ ಮಾತುಗಳನ್ನು ಅವರಿಗೆ ಓದಿ ಹೇಳಿದೆ. ಪ್ಲಗ್ ಕಿತ್ತು, ಮೆಷಿನ್ನಿನ ಹಿಂಭಾಗದ ತಗಡನ್ನು ಬಿಚ್ಚಿದರು. ತೊಟ್ಟಿಯ ತಳದಲ್ಲಿ ಹೀಟರಿನ ಎರಡು ತುದಿಗಳು ಕಾಣುತ್ತವೆ, ನಡುವೆ ಅರ್ಥಿಂಗಿನ ತಿರುಪು ಇದೆ. ಎರಡೂ ವೈರುಗಳನ್ನು ಕಳಚಿದ ಮೇಲೆ ಪ್ಲಗ್ಗಿನಲ್ಲಿ ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವಿನ 38 ಓಮ್ ಮಾಯವಾಯಿತು, ಅಲ್ಲಿಯೂ ಮೆಗಾಓಮ್ ಬಂತು. ಹೀಟರಿನ ನ್ಯೂಟ್ರಲ್ ತುದಿಯಿಂದ ಅದರ ಮೈಗೆ 38 ಓಮ್, ಫೇಸ್ ತುದಿಯಿಂದ ಮೈಗೆ 58 ಓಮ್, ತುದಿಯಿಂದ ತುದಿಗೆ 26 ಓಮ್ ಇದೆ. ಕಳಚಿದ ವೈರುಗಳ ತುದಿಗೆ ಇನ್ಸುಲೇಶನ್ ಟೇಪ್ ಸುತ್ತಿ, ತಗಡು ಮುಚ್ಚಿ, ತಣ್ಣೀರಿನಲ್ಲಿ ಒಂದು ಸುತ್ತು ಒಗೆದು ನೋಡಿದೆವು. ಗೀಸರ್, ಇಸ್ತ್ರಿಪೆಟ್ಟಿಗೆ ಎರಡನ್ನೂ ಬೇಕೆಂದೇ ಹಾಕಿದೆ. ಬೀಳಲಿಲ್ಲ.

ಹಳೆಯ ಮೆಗ್ಗರ್:
ಈ ಮೂರು ಸಂಖ್ಯೆಗಳನ್ನು ಬರೆದು ಕಳುಹಿಸಿದ್ದಕ್ಕೆ ವಂದನೆಗಳು, ಈಗ ಬಿಚ್ಚುವ ಮೊದಲೇ ಸೀಳು ಎಲ್ಲಿದೆ ಎಂದು ಹೇಳಬಹುದು. 26 ಓಮ್ ಎಂದರೆ 230 ವೋಲ್ಟಿನಲ್ಲಿ ಸುಮಾರು 2,000 ವ್ಯಾಟಿನ ಹೀಟರ್, ಅಂದರೆ ಸುರುಳಿ ಎಲ್ಲಿಯೂ ತುಂಡಾಗಿಲ್ಲ. ಎರಡು ತುದಿಗಳ ಅಳತೆಯಲ್ಲಿ ವ್ಯತ್ಯಾಸ 20. ಒಟ್ಟು 26ರಲ್ಲಿ 20 ಕಳೆದು ಅರ್ಧ ಮಾಡಿದರೆ 3. ಆದ್ದರಿಂದ ಮುಟ್ಟಿರುವ ಜಾಗ ನ್ಯೂಟ್ರಲ್ ತುದಿಯಿಂದ 3 ಓಮ್ ದೂರದಲ್ಲಿದೆ, ಸುರುಳಿಯ ಉದ್ದದಲ್ಲಿ ಸುಮಾರು ಒಂಬತ್ತನೆಯ ಒಂದು ಭಾಗ. ಉಳಿದ 35 ಓಮ್ ಆ ಮುಟ್ಟುವಿಕೆಯದ್ದು. ಬಿಸಿನೀರಿನ ಬಟನ್ ಒತ್ತಿದ್ದರೆ ಆ ಜಾಗದಲ್ಲಿ 26 ವೋಲ್ಟಿನಷ್ಟು ಬಂದು ಅರ್ಧ ಆಂಪಿಯರಿಗಿಂತ ಹೆಚ್ಚು ಸೋರುತ್ತಿತ್ತು. ಫ್ಯೂಸ್ ಕಾಲದ ಹಿರಿಯರ 100 ಮಿಲಿಆಂಪಿಯರಿನದೂ ಆಗ ಬೀಳುತ್ತಿತ್ತು. ಹೀಟರನ್ನು ಹೊರಗೆಳೆದಾಗ ನ್ಯೂಟ್ರಲ್ ತುದಿಯ ಹತ್ತಿರ ನೋಡಿ.

ಹೊಸ ಹೀಟರನ್ನು ವೈರ್ ಜೋಡಿಸುವ ಮೊದಲು 500 ವೋಲ್ಟಿನ ಮೆಗ್ಗರಿನಲ್ಲಿ ನೋಡಿಸಿ. ಎರಡೂ ತುದಿಗಳನ್ನು ಸೇರಿಸಿ ಒಂದು ಕಡ್ಡಿ, ಮೈಗೆ ಇನ್ನೊಂದು ಕಡ್ಡಿ. ಮಲ್ಟಿಮೀಟರ್ ಕೆಲವೇ ವೋಲ್ಟಿನಲ್ಲಿ ಅಳೆಯುವುದರಿಂದ, 230 ವೋಲ್ಟ್ ಬಂದಾಗ ಮಾತ್ರ ಬಾಯಿ ಬಿಡುವ ದೋಷ ಅದಕ್ಕೆ ಕಾಣದೆ ಹೋಗಬಹುದು. ಮೆಗ್ಗರನ್ನು ಪ್ಲಗ್ಗಿನ ಫೇಸ್ ಮತ್ತು ನ್ಯೂಟ್ರಲ್ ನಡುವೆ ಮಾತ್ರ ಇಡಬೇಡಿ, ಮೆಷಿನ್ನಿನ ಬೋರ್ಡ್ ಸುಟ್ಟೀತು.

ಅನುಮಾನದ ಹಕ್ಕಿ:
ನಾನು ಮತ್ತೊಂದು ಅನುಮಾನ ಕೇಳಬೇಕು. ಇಎಲ್‌ಸಿಬಿಯ ಮೇಲಿನ ಟೆಸ್ಟ್ ಬಟನ್ ಒತ್ತಿದರೆ ಬೀಳುತ್ತದೆಯಲ್ಲ, ಆಗ ಮನೆಯ ಅರ್ಥಿಂಗ್ ಸರಿಯಾಗಿದೆ ಎಂದು ತಿಳಿಯಬಹುದೇ?

ತಾಮ್ರದ ತಂತಿ:
ತಿಳಿಯಲಾಗದು. ಆ ಬಟನ್ ಸಾಧನದೊಳಗಿನ ಒಂದು ಸಣ್ಣ ರೋಧದ ಮೂಲಕ ಸ್ವಲ್ಪ ಕರೆಂಟನ್ನು ಉಂಗುರದ ಹೊರಗಿನಿಂದ ಹರಿಸುತ್ತದೆ. ಸಾಧನದ ಯಂತ್ರಭಾಗ ಸಿಕ್ಕಿಹಾಕಿಕೊಂಡಿಲ್ಲ ಎಂಬುದು ಮಾತ್ರ ಅದರಿಂದ ಗೊತ್ತಾಗುತ್ತದೆ. ಅರ್ಥಿಂಗ್ ವೈರೇ ಇಲ್ಲದ ಮನೆಯಲ್ಲಿಯೂ ಆ ಬಟನ್ ಒತ್ತಿದರೆ ಬೀಳುತ್ತದೆ. ಇನ್ನೊಂದನ್ನೂ ತಿಳಿದಿರಿ. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದವರನ್ನು ಈ ಸಾಧನ ಉಳಿಸುವುದಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಹೋದದ್ದೂ ಬಂದದ್ದೂ ಸಮವಾಗಿಯೇ ಇರುತ್ತದೆ.

ನೆನೆದ ಬಟ್ಟೆ:
ಹೀಟರನ್ನು ಹೊರಗೆ ತೆಗೆದರು. ಹಿಡಿದುಕೊಂಡು ನೋಡಿದೆ. ಕೊಳವೆಯ ಮೇಲೆ ಸುಣ್ಣದಂತಹ ಬಿಳಿಯ ಪದರ ಬೆರಳಿನ ಉಗುರಿನಷ್ಟು ದಪ್ಪವಾಗಿ ಕಟ್ಟಿತ್ತು. ಚಾಕುವಿನ ಹಿಂಬದಿಯಿಂದ ಕೆರೆದಾಗ ನ್ಯೂಟ್ರಲ್ ತುದಿಯಿಂದ ಸುಮಾರು ನಾಲ್ಕು ಬೆರಳು ದೂರದಲ್ಲಿ ಪದರದ ಬಣ್ಣ ಕಂದಾಗಿತ್ತು. ಅದನ್ನೂ ಕೆರೆದರೆ ಕೆಳಗೆ ಕೂದಲೆಳೆಯಂತಹ ಒಂದು ಸೀಳು, ಅದರ ಅಂಚುಗಳು ಹೊರಕ್ಕೆ ಉಬ್ಬಿದ್ದವು, ಒಳಗಿನ ಪುಡಿ ಬೂದುಬಣ್ಣಕ್ಕೆ ತಿರುಗಿತ್ತು. ಹಳೆಯ ಮೆಗ್ಗರ್ ಅವರು ಹೇಳಿದ ಜಾಗವೇ. ಮೆಕ್ಯಾನಿಕ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಲೆಕ್ಕ ಹಾಕಿದವರು ಯಾರು ಎಂದು ಎರಡು ಸಲ ಕೇಳಿದರು.

ಹೊಸ ಹೀಟರ್ ಮೆಗ್ಗರಿನಲ್ಲಿ 100 ಮೆಗಾಓಮಿಗಿಂತ ಹೆಚ್ಚು ತೋರಿಸಿತು. ಜೋಡಿಸಿದ ಮೇಲೆ ಒಂದು ವರ್ಷದ ನಂತರ ಮೊದಲ ಸಲ ಬಿಸಿನೀರಿನಲ್ಲಿ ಒಗೆದೆ. ಪ್ಲಗ್ಗಿನ ಅರ್ಥಿಂಗ್ ವೈರ್ ಇದ್ದಲ್ಲಿಯೇ ಇದೆ. ಗೋಡೆಯ ಒಂಟಿ ಸ್ವಿಚ್ಚಿನ ಬದಲು ಎರಡೂ ವೈರುಗಳನ್ನು ಕತ್ತರಿಸುವ ಡಬಲ್ ಪೋಲ್ ಸ್ವಿಚ್ಚನ್ನೂ ಹಾಕಿಸಿದೆ.

ಫ್ಯೂಸ್ ಕಾಲದವನು:
ನಮ್ಮ ಮನೆಯ ಮೆಷಿನ್ನಿನ ಪ್ಲಗ್ಗನ್ನು ಇದೀಗ ಬಿಚ್ಚಿ ನೋಡಿದೆ. ಅರ್ಥಿಂಗ್ ವೈರ್ ಕತ್ತರಿಸಿ ಒಳಗೆ ಮಡಚಿಟ್ಟಿದೆ. ಯಾರು ಯಾವಾಗ ಮಾಡಿದರೋ ತಿಳಿಯದು. ನ್ಯೂಟ್ರಲ್ ಪಿನ್ನಿನಿಂದ ಮೆಷಿನ್ನಿನ ಮೈಗೆ ಎಷ್ಟು ಓಮ್ ಬರಬೇಕು ಎಂದು ಇನ್ನೊಮ್ಮೆ ಹೇಳುತ್ತೀರಾ?

ಹಳೆಯ ಮೆಗ್ಗರ್:
ಮಲ್ಟಿಮೀಟರಿನಲ್ಲಿ ಕನಿಷ್ಠ ಒಂದು ಮೆಗಾಓಮ್ ಬರಬೇಕು, ಸರ್. ಫೇಸ್ ಪಿನ್ನಿನಿಂದಲೂ ನೋಡಿರಿ. ಆ ವೈರನ್ನು ಮತ್ತೆ ಜೋಡಿಸುವವರೆಗೆ ಪ್ಲಗ್ಗನ್ನು ಸಾಕೆಟ್ಟಿಗೆ ಹಾಕಬೇಡಿ.